ಒಂದೇ ಲೀಗ್‌ಗೆ ಎರಡು ಚಂದಾ, ಮೂರು ರಿಮೋಟ್

ಓದುಗರ ಪ್ರಶ್ನೆ: ಮೇಡಂ, ಎರಡು ವರ್ಷದ ಹಿಂದಿನವರೆಗೂ ನಮ್ಮ ಮನೆಯಲ್ಲಿ ಒಂದೇ ಪೆಟ್ಟಿಗೆ, ಒಂದೇ ಬಿಲ್. ಆಟ, ಸಿನಿಮಾ, ಧಾರಾವಾಹಿ ಎಲ್ಲ ಅದರಲ್ಲೇ ಬರುತ್ತಿತ್ತು. ಈಗ ನಾವು ನೋಡುವ ಫುಟ್‌ಬಾಲ್ ಲೀಗ್‌ನ ಅರ್ಧ ಪಂದ್ಯ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಮಗಳು ನೋಡುವ ಸೀರೀಸ್ ಮೂರನೇ ಕಡೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ಅದರ ಹಕ್ಕು ನಮ್ಮ ಹತ್ತಿರ ಇಲ್ಲ ಸರ್' ಅಂತ ಒಂದೇ ಮಾತು. ಬಿಲ್ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಗಿದೆ. ಹೀಗೆ ಒಬ್ಬರೇ ಹಕ್ಕು ಹಿಡಿದಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಅಲ್ವಾ? ಪೈಪೋಟಿ ಜಾಸ್ತಿಯಾದರೆ ಬೆಲೆ ಇಳಿಯಬೇಕು, ಏರಿದ್ದು ಹೇಗೆ? ಈಗ ಕಂಪನಿಯವರು ಎರಡು ವರ್ಷಕ್ಕೆ ಸಹಿ ಹಾಕಿದರೆ ರಿಯಾಯಿತಿ ಕೊಡ್ತೀವಿ ಅಂತಿದ್ದಾರೆ. ಆಫೀಸಿನ ಗೆಳೆಯರೊಬ್ಬರು 'ಎಲ್ಲ ಚಾನೆಲ್ ಬರುವ' ಬಾಕ್ಸ್ ಕೊಡಿಸ್ತೀನಿ ಅಂತಿದ್ದಾರೆ. ಏನು ಮಾಡಲಿ? ಅಪ್ಪನಿಗಂತೂ ಮೂರು ರಿಮೋಟ್ ಹಿಡಿದು ಸಾಕಾಗಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಕೋಪ ಇವೆ. ದುಡ್ಡು ಜಾಸ್ತಿ ಹೋಗುತ್ತಿದೆ ಅನ್ನುವುದು ಒಂದು. ದುಡ್ಡು ಕೊಟ್ಟರೂ ಬೇಕಾದ್ದು ಒಂದೇ ಕಡೆ ಸಿಗುತ್ತಿಲ್ಲ ಅನ್ನುವುದು ಇನ್ನೊಂದು. ಎರಡೂ ಒಂದೇ ಕಾಯಿಲೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲ. ಒಂದಕ್ಕೆ ಕೊಟ್ಟ ಔಷಧ ಇನ್ನೊಂದನ್ನು ಕೆಡಿಸಿದ್ದೂ ಉಂಟು. ನಾನು ಹಲವು ವರ್ಷ ಚಾನೆಲ್‌ಗಳು ಮತ್ತು ಕೇಬಲ್, ಡಿಶ್ ಕಂಪನಿಗಳ ನಡುವಿನ ಒಪ್ಪಂದ ಬರೆಯುವ ಕೆಲಸ ಮಾಡಿದವಳು. ಮೇಜಿನ ಎರಡೂ ಬದಿಯಲ್ಲಿ ಕೂತಿದ್ದೇನೆ. ಎರಡೂ ಕಡೆಯವರು ಮಾತುಮಾತಿಗೆ 'ನಮ್ಮ ಗ್ರಾಹಕರ ಹಿತ' ಅನ್ನುತ್ತಾರೆ. ಆ ಕೋಣೆಯಲ್ಲಿ ಗ್ರಾಹಕ ಮಾತ್ರ ಇರುವುದಿಲ್ಲ.

ಮೊದಲು ಕಾನೂನಿನ ವಿಷಯ ಮುಗಿಸಿಬಿಡೋಣ. ಹಕ್ಕನ್ನು ಒಬ್ಬರಿಗೇ ಮಾರುವುದು ತಾನಾಗಿಯೇ ತಪ್ಪಲ್ಲ. ಪೈಪೋಟಿ ಕಾನೂನು ಇರುವ ಹೆಚ್ಚಿನ ದೇಶಗಳಲ್ಲಿ ಹೀಗೇ. ಕಾರಣವೂ ಇದೆ. ಒಂದು ಸೀರೀಸ್ ತೆಗೆಯಲು ಮುಂಚಿತವಾಗಿ ದುಡ್ಡು ಸುರಿಯಬೇಕು. 'ಇದು ನಮ್ಮಲ್ಲಿ ಮಾತ್ರ' ಅನ್ನುವ ಭರವಸೆ ಇದ್ದರೆ ಆ ದುಡ್ಡು ಹಾಕುವವರು ಸಿಗುತ್ತಾರೆ. ಹೊಸದಾಗಿ ಬಂದ ಕಂಪನಿಗೂ ಅಷ್ಟೇ. ಹಳೆಯವರ ಹತ್ತಿರ ಇಲ್ಲದ್ದು ಏನಾದರೂ ಕೈಯಲ್ಲಿರದಿದ್ದರೆ ಯಾರು ಅದರ ಕಡೆ ತಿರುಗಿ ನೋಡುತ್ತಾರೆ?

ಹಾಗಾದರೆ ಕಾನೂನು ಏನು ನೋಡುತ್ತದೆ? ಹಕ್ಕು ಎಷ್ಟು ವರ್ಷಕ್ಕೆ, ಅದರಲ್ಲಿ ಎಷ್ಟು ಪಾಲು, ಹಿಡಿದುಕೊಂಡವರು ಮಾರುಕಟ್ಟೆಯಲ್ಲಿ ಎಷ್ಟು ದೊಡ್ಡವರು, ಎದುರಾಳಿಗೆ ಬೇರೆ ದಾರಿ ಉಳಿದಿದೆಯಾ ಅಂತ. ಇಟಲಿಯ ಒಂದು ಪ್ರಕರಣ ನೋಡಿ. ಅಲ್ಲಿ ಟೆಲೆಪಿಯು ಮತ್ತು ಸ್ಟ್ರೀಮ್ ಅಂತ ಎರಡು ಪೇ ಟಿವಿ ಕಂಪನಿಗಳಿದ್ದವು. ಫುಟ್‌ಬಾಲ್, ಸಿನಿಮಾಗಳಿಗೆ ಒಬ್ಬರ ಮೇಲೊಬ್ಬರು ಬಿಡ್ ಏರಿಸಿ ಇಬ್ಬರೂ ನಷ್ಟದಲ್ಲಿ ಮುಳುಗಿದರು. 2003ರಲ್ಲಿ ಎರಡೂ ಸೇರಿ ಸ್ಕೈ ಇಟಾಲಿಯಾ ಆಯಿತು. ಒಂದೇ ಕಂಪನಿ ಉಳಿಯುತ್ತದೆ ಅಂತ ಗೊತ್ತಿದ್ದೂ ಯುರೋಪಿಯನ್ ಕಮಿಷನ್, ಅಂದರೆ ಯುರೋಪಿನ ಒಕ್ಕೂಟದಲ್ಲಿ ಪೈಪೋಟಿ ಕಾನೂನು ನೋಡಿಕೊಳ್ಳುವ ಸಂಸ್ಥೆ, ಒಪ್ಪಿತು. ಆದರೆ ಷರತ್ತು ಹಾಕಿತು. ಫುಟ್‌ಬಾಲ್ ಒಪ್ಪಂದ ಎರಡು ವರ್ಷ ಮೀರಬಾರದು, ಸಿನಿಮಾ ಒಪ್ಪಂದ ಮೂರು ವರ್ಷ ಮೀರಬಾರದು, ಬೇರೆ ಕಂಪನಿಗಳಿಗೆ ಸಗಟು ಬೆಲೆಯಲ್ಲಿ ಚಾನೆಲ್ ಕೊಡಬೇಕು. 'ಇದು ನಮ್ಮದು ಮಾತ್ರ' ಅನ್ನುವುದನ್ನು ಪೂರ್ತಿ ನಿಲ್ಲಿಸಲಿಲ್ಲ. ಅದಕ್ಕೆ ಹಗ್ಗ ಕಟ್ಟಿತು, ಅಷ್ಟೇ.

ಈಗ ನಿಮ್ಮ ತಲೆಬಿಸಿಯ ಬೇರಿಗೆ ಬರೋಣ. 'ಎಕ್ಸ್‌ಕ್ಲೂಸಿವ್' ಅನ್ನುವ ಒಂದೇ ಪದದಲ್ಲಿ ಎರಡು ಬೇರೆ ಬೇರೆ ವಿಷಯ ಅಡಗಿವೆ. ಒಂದು, ಲೀಗ್ ತನ್ನ ಪಂದ್ಯಗಳನ್ನು ಒಂದೇ ಚಾನೆಲ್‌ಗೆ ಮಾರುವುದು. ಇನ್ನೊಂದು, ಆ ಚಾನೆಲ್ ಒಂದೇ ಕಂಪನಿಯ ಪೆಟ್ಟಿಗೆಯಲ್ಲಿ ಮಾತ್ರ ಸಿಗುವುದು. ಮೊದಲನೆಯದು ಹಕ್ಕಿನ ಮಾತು, ಎರಡನೆಯದು ಕೊಳವೆಯ ಮಾತು. ಪಂದ್ಯ ಎಲ್ಲ ಒಂದೇ ಚಾನೆಲ್‌ನಲ್ಲಿದ್ದು, ಆ ಚಾನೆಲ್ ಎಲ್ಲ ಪೆಟ್ಟಿಗೆಯಲ್ಲೂ ಬಂದರೆ ನಿಮಗೆ ತೊಂದರೆಯೇ ಇಲ್ಲ. ನಿಮಗೆ ಇಷ್ಟವಾದ ಕಂಪನಿ ಆರಿಸಿಕೊಳ್ಳುತ್ತೀರಿ, ಚಾನೆಲ್ ಅದರಲ್ಲೇ ಇರುತ್ತದೆ. ಜಗಳ ಹುಟ್ಟುವುದು ಕೊಳವೆಯ ಬಾಯಿಯಲ್ಲಿ.

ಇದನ್ನು ಒಂದು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. ಇದು ನಾನು ಕಟ್ಟಿದ ಲೆಕ್ಕ, ಆದರೆ ಒಪ್ಪಂದದ ಹಿಂದಿನ ರಾತ್ರಿ ಆಫೀಸಿನ ಬೋರ್ಡ್ ಮೇಲೆ ಬರೆಯುವುದೂ ಹೆಚ್ಚುಕಡಿಮೆ ಇಂಥದ್ದೇ. ಒಂದು ಊರಿನಲ್ಲಿ ಎರಡು ಕಂಪನಿ, ಒಂದೊಂದಕ್ಕೆ 100 ಮನೆ. ಒಂದು ಕ್ರೀಡಾ ಚಾನೆಲ್ ಪ್ರತಿ ಮನೆಗೆ 5 ರೂಪಾಯಿ ತೆಗೆದುಕೊಳ್ಳುತ್ತದೆ ಅಂದುಕೊಳ್ಳಿ. ಇಬ್ಬರಿಗೂ ಕೊಟ್ಟರೆ ಚಾನೆಲ್‌ಗೆ 1,000 ರೂಪಾಯಿ. ಈಗ ಮೊದಲ ಕಂಪನಿಗೆ ಮಾತ್ರ ಕೊಟ್ಟರು. ಎರಡನೆಯ ಕಂಪನಿಯ 30 ಮನೆಯವರು ಪಂದ್ಯಕ್ಕಾಗಿ ಅದನ್ನು ಬಿಟ್ಟು ಮೊದಲನೆಯದಕ್ಕೆ ಬಂದರು. ಚಾನೆಲ್‌ಗೆ ಈಗ 130 ಮನೆ, 650 ರೂಪಾಯಿ. ಅಂದರೆ 350 ನಷ್ಟ. ಆದರೆ ಮೊದಲ ಕಂಪನಿಗೆ ಒಂದು ಹೊಸ ಮನೆಯಿಂದ 20 ರೂಪಾಯಿ ಲಾಭ ಅಂದುಕೊಂಡರೆ, 30 ಮನೆಯಿಂದ 600 ಬಂತು. ಚಾನೆಲ್ ಮತ್ತು ಕಂಪನಿ ಒಬ್ಬರದೇ ಆಗಿದ್ದರೆ ಒಂದು ಜೇಬಿನಿಂದ 350 ಹೋಯಿತು, ಇನ್ನೊಂದು ಜೇಬಿಗೆ 600 ಬಂತು. ಬಾಗಿಲು ಮುಚ್ಚುವುದೇ ಲಾಭ.

ಬರೀ 10 ಮನೆ ಬಂದರೆ? ನಷ್ಟ 450, ಲಾಭ 200. ಆಗ ಇಬ್ಬರಿಗೂ ಮಾರುವುದೇ ಜಾಣತನ. ಈ ಲೆಕ್ಕದಲ್ಲಿ ತಕ್ಕಡಿ ಸಮ ಆಗುವುದು 20 ಮನೆಗೆ. ಹಾಗಾಗಿ ಎಲ್ಲ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಇದಕ್ಕಾಗಿ ಎಷ್ಟು ಜನ ಕಂಪನಿ ಬದಲಿಸುತ್ತಾರೆ? ಅಡುಗೆ ಕಾರ್ಯಕ್ರಮಕ್ಕೆ ಯಾರೂ ಪೆಟ್ಟಿಗೆ ಬದಲಿಸುವುದಿಲ್ಲ. ನೇರಪ್ರಸಾರದ ಆಟಕ್ಕೆ ಬದಲಿಸುತ್ತಾರೆ. ನಾಳೆ ನೋಡಿದರೆ ರುಚಿ ಇಲ್ಲ, ಅದರ ಜಾಗಕ್ಕೆ ಬೇರೆ ಆಟವೂ ಆಗುವುದಿಲ್ಲ. ಈ ವ್ಯಾಪಾರದ ದೊಡ್ಡ ಜಗಳಗಳೆಲ್ಲ ಕ್ರೀಡೆಯ ಸುತ್ತಲೇ ನಡೆಯುವುದು ಇದಕ್ಕೇ. ಲೆಕ್ಕದಲ್ಲಿ ಬಾರದ ಇನ್ನೊಂದು ಗುಂಪನ್ನೂ ನೋಡಿ. ಎರಡನೆಯ ಕಂಪನಿಯಲ್ಲೇ ಉಳಿದ ಆ 70 ಮನೆ. ಅವರಿಗೆ ಪಂದ್ಯವೂ ಇಲ್ಲ, ಅವರ ಕಂಪನಿಯೂ ಸೊರಗುತ್ತಾ ಹೋಗುತ್ತದೆ. ಅದು ಸೊರಗಿದ ಮೇಲೆ ಮೊದಲನೆಯದು ದರ ಏರಿಸಿದರೆ ಕೇಳುವವರಿಲ್ಲ.

ಇದು ಕಾಗದದ ಮೇಲಿನ ಭಯ ಮಾತ್ರ ಅಲ್ಲ. ಅಮೆರಿಕದಲ್ಲಿ 1992ರ ಕೇಬಲ್ ಕಾಯ್ದೆ ಒಂದು ನಿಯಮ ತಂದಿತು. ಕೇಬಲ್ ಕಂಪನಿಯವರೇ ಒಡೆಯರಾಗಿರುವ ಚಾನೆಲ್ ಉಪಗ್ರಹದ ಮೂಲಕ ಬರುತ್ತಿದ್ದರೆ ಅದನ್ನು ಎದುರಾಳಿಗೂ ಕೊಡಬೇಕು. 'ಉಪಗ್ರಹದ ಮೂಲಕ' ಅನ್ನುವ ಆ ಎರಡು ಪದ ಗಮನಿಸಿ. ಫಿಲಡೆಲ್ಫಿಯಾದಲ್ಲಿ ಕಾಮ್‌ಕಾಸ್ಟ್ ಎಂಬ ಕೇಬಲ್ ಕಂಪನಿಯ ಸ್ಥಳೀಯ ಕ್ರೀಡಾ ಚಾನೆಲ್ ಸಿಗ್ನಲ್ ಕಳಿಸುತ್ತಿದ್ದದ್ದು ಉಪಗ್ರಹದಲ್ಲಿ ಅಲ್ಲ, ನೆಲದ ಮೇಲಿನ ತಂತಿಯಲ್ಲಿ. ಹಾಗಾಗಿ ನಿಯಮ ತಾಗಲಿಲ್ಲ. ಡಿಶ್ ಕಂಪನಿಗಳಿಗೆ ಊರಿನ ತಂಡಗಳ ಪಂದ್ಯ ಸಿಗಲಿಲ್ಲ. ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ಲೆಕ್ಕ ಹಾಕಿದಾಗ, ಆ ನಗರದಲ್ಲಿ ಡಿಶ್ ಹಾಕಿಸಿಕೊಂಡ ಮನೆಗಳು ಇರಬೇಕಾದ್ದಕ್ಕಿಂತ ಸುಮಾರು 40 ಶೇಕಡಾ ಕಡಿಮೆ ಇದ್ದವು. ಒಂದು ಚಾನೆಲ್ ತಡೆಹಿಡಿದದ್ದಕ್ಕೆ ಇಷ್ಟು! ಆ ಕಂಡಿಯನ್ನು ಆಯೋಗ ಮುಚ್ಚಿದ್ದು 2010ರಲ್ಲಿ. 2012ರಲ್ಲಿ, ಒಬ್ಬರಿಗೇ ಕೊಡಬಾರದು ಅನ್ನುವ ಆ ನಿಷೇಧದ ಅವಧಿಯೇ ಮುಗಿಯಿತು. ಆಮೇಲೆ ದೂರು ಬಂದಂತೆ ಒಂದೊಂದಾಗಿ ನೋಡುವ ಪದ್ಧತಿ ಬಂತು.

ನಿಮ್ಮ ಎರಡನೇ ಪ್ರಶ್ನೆ ನನಗೆ ಹೆಚ್ಚು ಇಷ್ಟವಾದದ್ದು. ಪೈಪೋಟಿ ಬಂದರೂ ಬೆಲೆ ಏರಿದ್ದು ಹೇಗೆ?

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕಥೆಯೇ ಇದಕ್ಕೆ ಉತ್ತರ. 1992ರಲ್ಲಿ ಲೀಗ್ ಶುರುವಾದಾಗಿಂದ ನೇರಪ್ರಸಾರ ಎಲ್ಲ ಸ್ಕೈ ಎಂಬ ಪೇ ಟಿವಿ ಕಂಪನಿಯ ಕೈಯಲ್ಲಿತ್ತು. ಇದು ಸರಿಯಲ್ಲ ಅಂತ ಯುರೋಪಿಯನ್ ಕಮಿಷನ್ ಪಟ್ಟು ಹಿಡಿಯಿತು. 2006ರಲ್ಲಿ ಲೀಗ್ ಒಪ್ಪಿಕೊಂಡಿತು: ಪಂದ್ಯಗಳನ್ನು ಆರು ಕಟ್ಟು ಮಾಡಿ ಮಾರುತ್ತೇವೆ, ಆರನ್ನೂ ಒಬ್ಬರಿಗೇ ಕೊಡುವುದಿಲ್ಲ. 2007ರಿಂದ ಸ್ಕೈಗೆ ವರ್ಷಕ್ಕೆ 92 ಪಂದ್ಯ, ಸೆಟಾಂಟಾ ಎಂಬ ಹೊಸ ಕಂಪನಿಗೆ 46. ಪತ್ರಿಕೆಗಳು ಏಕಸ್ವಾಮ್ಯ ಮುರಿಯಿತು ಅಂತ ಬರೆದವು.

ಮುರಿದದ್ದು ಏನು? ಮೊದಲು 138 ಪಂದ್ಯಕ್ಕೆ ಒಂದೇ ಕಂಪನಿ ಸಾಕಿತ್ತು. ಈಗ ಅದೇ 138 ಪಂದ್ಯಕ್ಕೆ ಎರಡು ಬೇಕಾಯಿತು. ಈ ಶನಿವಾರದ ಪಂದ್ಯ ಸ್ಕೈಯಲ್ಲಿದ್ದರೆ ಅದು ಸೆಟಾಂಟಾದಲ್ಲಿ ಇಲ್ಲ. ಸೆಟಾಂಟಾದಲ್ಲಿದ್ದರೆ ಸ್ಕೈಯಲ್ಲಿ ಇಲ್ಲ. ಅಂದರೆ ದೊಡ್ಡ ಏಕಸ್ವಾಮ್ಯ ಒಂದನ್ನು ಒಡೆದು ಚಿಕ್ಕ ಏಕಸ್ವಾಮ್ಯ ಎರಡು ಮಾಡಿದರು. ಒಂದು ಅಂಗಡಿಯಲ್ಲಿ ಎಡಗಾಲಿನ ಚಪ್ಪಲಿ, ಎದುರಿನ ಅಂಗಡಿಯಲ್ಲಿ ಬಲಗಾಲಿನದು ಮಾರಿದರೆ ಅದನ್ನು ಪೈಪೋಟಿ ಅನ್ನುತ್ತೀರಾ? ಮಾರುವವರಿಗೆ ಮಾತ್ರ ಸುಗ್ಗಿ. 2004ರಿಂದ 2007ರ ಮೂರು ವರ್ಷಕ್ಕೆ ನೇರಪ್ರಸಾರದ ಹಕ್ಕಿಗೆ ಸುಮಾರು 100 ಕೋಟಿ ಪೌಂಡ್ ಬಂದಿತ್ತು. ಮುಂದಿನ ಮೂರು ವರ್ಷಕ್ಕೆ 170 ಕೋಟಿ. ಪೈಪೋಟಿ ಇದ್ದದ್ದು ಹಕ್ಕು ಕೊಳ್ಳುವ ಹರಾಜಿನಲ್ಲಿ. ನೋಡುಗ ಕೊಳ್ಳುವ ಕಡೆ ಅಲ್ಲ. ಹರಾಜಿನಲ್ಲಿ ಪೈಪೋಟಿ ಜಾಸ್ತಿಯಾದರೆ ಬೆಲೆ ಏರುತ್ತದೆ, ಅದರಲ್ಲಿ ಆಶ್ಚರ್ಯ ಏನಿದೆ?

ಸೆಟಾಂಟಾ ಏನಾಯಿತು ಅಂದರೆ, ಚಂದಾದಾರರು ಸಾಲದೆ 2009ರ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ಮುಳುಗಿತು. ಇಂಥದ್ದು ಅಪರೂಪ ಅಲ್ಲ. 2002ರಲ್ಲಿ ಅಲ್ಲಿನದೇ ಇನ್ನೊಂದು ಪೇ ಟಿವಿ ಕಂಪನಿ ಐಟಿವಿ ಡಿಜಿಟಲ್ ಹೀಗೇ ಫುಟ್‌ಬಾಲ್ ಹಕ್ಕಿನ ಭಾರಕ್ಕೆ ಕುಸಿದಿತ್ತು. ಫ್ರಾನ್ಸಿನಲ್ಲಿ ಮೀಡಿಯಾಪ್ರೊ ಎಂಬ ಕಂಪನಿ ಅಲ್ಲಿನ ಫುಟ್‌ಬಾಲ್ ಲೀಗ್‌ಗೆ ವರ್ಷಕ್ಕೆ 80 ಕೋಟಿ ಯೂರೊಗೂ ಹೆಚ್ಚು ಒಪ್ಪಿಕೊಂಡು, 2020ರ ಅಕ್ಟೋಬರ್ ಕಂತನ್ನೇ ಕಟ್ಟಲಿಲ್ಲ. ಅದರ ಚಾನೆಲ್ ಒಂದು ಸೀಸನ್ ಕೂಡ ಪೂರ್ತಿ ನಡೆಯಲಿಲ್ಲ. ಹರಾಜಿನಲ್ಲಿ ಗೆದ್ದವರೇ ಸೋತವರು ಅನ್ನುವ ಮಾತು ನಮ್ಮ ಕಸುಬಿನಲ್ಲಿ ಸುಮ್ನೆ ಹುಟ್ಟಿದ್ದಲ್ಲ.

2013ರಲ್ಲಿ ಬ್ರಿಟನ್ನಿನ ಫೋನ್ ಕಂಪನಿ ಬಿಟಿ ಸೆಟಾಂಟಾಗಿಂತ ತುಂಬಿದ ಜೇಬಿನೊಂದಿಗೆ ಕಣಕ್ಕಿಳಿಯಿತು. ಅದಕ್ಕೆ ಬೇಕಿದ್ದದ್ದು ಬ್ರಾಡ್‌ಬ್ಯಾಂಡ್ ಗ್ರಾಹಕರು. ಫುಟ್‌ಬಾಲ್ ಬರೀ ಗಾಳದ ಹುಳು. ಹಕ್ಕಿನ ಮೊತ್ತ 2013ರಿಂದ ಮೂರು ವರ್ಷಕ್ಕೆ ಸುಮಾರು 300 ಕೋಟಿ ಪೌಂಡ್, 2016ರಿಂದ ಮೂರು ವರ್ಷಕ್ಕೆ 513 ಕೋಟಿ. ಆಮೇಲೆ 2017ರ ಡಿಸೆಂಬರ್‌ನಲ್ಲಿ ಒಂದು ಸುದ್ದಿ ಬಂತು. ಸ್ಕೈ ಮತ್ತು ಬಿಟಿ ತಮ್ಮ ಚಾನೆಲ್‌ಗಳನ್ನು ಪರಸ್ಪರ ಮಾರಲು ಒಪ್ಪಿಕೊಂಡವು. ಎರಡೇ ತಿಂಗಳಲ್ಲಿ, 2018ರ ಫೆಬ್ರುವರಿ ಹರಾಜಿನಲ್ಲಿ, ಇಬ್ಬರೂ ಸೇರಿ 160 ಪಂದ್ಯಕ್ಕೆ ಕೊಟ್ಟದ್ದು ಸುಮಾರು 446 ಕೋಟಿ. ಹಿಂದಿನ ಸಲ 168 ಪಂದ್ಯಕ್ಕೆ 513 ಕೋಟಿ ಹೋಗಿತ್ತು. ಆ ಒಪ್ಪಂದ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಎದುರಾಳಿಯ ಚಾನೆಲ್ ನಿಮ್ಮ ಪೆಟ್ಟಿಗೆಯಲ್ಲೂ ಸಿಗುತ್ತದೆ ಅಂತಾದರೆ, ಹಕ್ಕು ನಿಮ್ಮ ಹೆಸರಿನಲ್ಲೇ ಇರಬೇಕು ಅನ್ನುವ ಹಟ ಕರಗುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿಕೈ ಇಲ್ಲೇ ಇದೆ. ಹಕ್ಕು ಯಾರ ಹೆಸರಿನಲ್ಲಿದೆ ಅನ್ನುವುದಕ್ಕಿಂತ, ಆ ಚಾನೆಲ್ ಎಷ್ಟು ಪೆಟ್ಟಿಗೆಗಳಲ್ಲಿ ಯಾವ ಬೆಲೆಗೆ ಸಿಗುತ್ತದೆ ಅನ್ನುವುದೇ ನಿಮ್ಮ ಬಿಲ್ ತೀರ್ಮಾನ ಮಾಡುವುದು.

'ಹಕ್ಕು ದುಬಾರಿಯಾಯಿತು, ಅದಕ್ಕೆ ಬಿಲ್ ಏರಿಸಿದೆವು' ಅಂತ ಕಂಪನಿಗಳು ಹೇಳುತ್ತವಲ್ಲ, ಅದನ್ನೂ ಪೂರ್ತಿ ನಂಬಬೇಡಿ. ಎರಡು ರೀತಿಯ ಪಾವತಿ ಇದೆ. ಒಂದು, ಇಡಿಗಂಟು. ಒಬ್ಬ ಗ್ರಾಹಕ ಇದ್ದರೂ ಹತ್ತು ಲಕ್ಷ ಇದ್ದರೂ ಅಷ್ಟೇ ಕೊಡಬೇಕು. ಇನ್ನೊಂದು, ತಲೆಗೆ ಇಷ್ಟು ಅಂತ. ತಲೆಗೆ ಇಷ್ಟು ಅಂತಿದ್ದರೆ ಏರಿದ್ದು ನೇರ ನಿಮ್ಮ ಬಿಲ್‌ಗೇ ಬರುತ್ತದೆ. ಇಡಿಗಂಟು ಕೊಟ್ಟಾದ ಮೇಲೆ ಕಂಪನಿ ದರ ಇಡುವುದು ಬೇರೆ ಲೆಕ್ಕದಲ್ಲಿ: ಎಷ್ಟು ಏರಿಸಿದರೆ ಎಷ್ಟು ಜನ ಬಿಟ್ಟುಹೋಗುತ್ತಾರೆ? ಬಹಳ ಸಲ ಕಾರಣ ತಲೆಕೆಳಗಾಗಿರುತ್ತದೆ. ಜನ ಜಾಸ್ತಿ ಕೊಡಲು ತಯಾರಿದ್ದಾರೆ ಅಂತ ಗೊತ್ತಿರುವುದರಿಂದಲೇ ಹರಾಜಿನಲ್ಲಿ ಅಷ್ಟು ಕೂಗುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ ಬಿಡ್ ಹಾಳೆಯ ಮೊದಲ ಸಾಲಿನಲ್ಲೇ ಮುಂದಿನ ವರ್ಷದ ಚಂದಾ ದರ ಬರೆದಿತ್ತು. ಹಕ್ಕಿನ ಬೆಲೆ ಕೊನೆಯ ಸಾಲು. ದರ ಏರಿಸಿದ್ದನ್ನು ತಿಳಿಸುವ ಪತ್ರದಲ್ಲಿ ಮಾತ್ರ ಅದು ಉಲ್ಟಾ ಆಗಿತ್ತು.

ಹಾಗಾದರೆ ಸರಕಾರಗಳು ಏನೂ ಮಾಡಲಾರವಾ? ಮಾಡಿವೆ. ಫಲ ಮಾತ್ರ ಒಂದೊಂದು ಕಡೆ ಒಂದೊಂದು ಥರ.

ಸಿಂಗಪುರ ನೇರ ಕೊಳವೆಗೇ ಕೈಹಾಕಿತು. ಅಲ್ಲಿ ಸ್ಟಾರ್‌ಹಬ್ ಮತ್ತು ಸಿಂಗ್‌ಟೆಲ್ ಅಂತ ಎರಡು ಕಂಪನಿ. ಒಬ್ಬರ ಕೈಯಲ್ಲಿದ್ದ ಪ್ರೀಮಿಯರ್ ಲೀಗ್ ಇನ್ನೊಬ್ಬರ ಕೈಗೆ ಹೋದಾಗ ಜನ ಮನೆಯಲ್ಲಿ ಎರಡೆರಡು ಪೆಟ್ಟಿಗೆ ಇಡಬೇಕಾಯಿತು. 2010ರಲ್ಲಿ ನಿಯಂತ್ರಕರು ನಿಯಮ ತಂದರು: ಇನ್ನು ಮುಂದೆ ಒಬ್ಬರಿಗೇ ಸಿಕ್ಕ ಕಾರ್ಯಕ್ರಮವನ್ನು ಎದುರಾಳಿಯ ಪೆಟ್ಟಿಗೆಯಲ್ಲೂ ನೋಡಲು ಅವಕಾಶ ಕೊಡಬೇಕು. ಚಂದಾ ಹಣ ಹಕ್ಕು ಇರುವವರಿಗೇ ಹೋಗಲಿ, ಪೆಟ್ಟಿಗೆ ಮಾತ್ರ ಒಂದೇ ಇರಲಿ. ಸಿಂಗ್‌ಟೆಲ್ ತಕರಾರು ತೆಗೆಯಿತು. 2013ರಲ್ಲಿ ಅದರ ಮೇಲ್ಮನವಿ ತಿರಸ್ಕಾರವಾಯಿತು, ಪಂದ್ಯ ಸ್ಟಾರ್‌ಹಬ್ ಪೆಟ್ಟಿಗೆಗೂ ಬಂತು. ನಿಮ್ಮ ತಂದೆಯವರ ಮೂರು ರಿಮೋಟಿನ ಕಷ್ಟಕ್ಕೆ ಇದಕ್ಕಿಂತ ನೇರ ಔಷಧ ನಾನು ಕಂಡಿಲ್ಲ. ಆದರೆ ಗಮನಿಸಿ, ಬೆಲೆ ಇಳಿಸುವ ಭರವಸೆ ಇದರಲ್ಲಿ ಇಲ್ಲ. ಹೇಳಿದ್ದೆನಲ್ಲ, ಎರಡು ಕಾಯಿಲೆ ಬೇರೆ ಬೇರೆ ಅಂತ.

ಬ್ರಿಟನ್ ಸಗಟು ಬೆಲೆಗೆ ಕೈಹಾಕಿತು. ಅಲ್ಲಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ 2010ರಲ್ಲಿ ಸ್ಕೈ ಸ್ಪೋರ್ಟ್ಸ್‌ನ ಎರಡು ಮುಖ್ಯ ಚಾನೆಲ್‌ಗಳನ್ನು ಬೇರೆ ಕಂಪನಿಗಳಿಗೂ ತಾನು ಗೊತ್ತು ಮಾಡಿದ ದರದಲ್ಲಿ ಕೊಡಬೇಕು ಅಂದಿತು. ಕೇಸು ನಡೆಯಿತು, ಮೇಲ್ಮನವಿ ನಡೆಯಿತು. ಐದು ವರ್ಷದ ಮೇಲೆ, 2015ರಲ್ಲಿ, ಆ ಆದೇಶ ಇನ್ನು ಬೇಡ ಅಂತ ಆಫ್‌ಕಾಮ್ ತಾನೇ ತೆಗೆದುಹಾಕಿತು. ಸಿನಿಮಾ ವಿಷಯದಲ್ಲಂತೂ ತನಿಖೆ ಮುಗಿಯುವಷ್ಟರಲ್ಲಿ ಕಾಲವೇ ಮುಂದೆ ಹೋಗಿತ್ತು. ಸ್ಕೈ ಸಿನಿಮಾ ಹಕ್ಕುಗಳಿಂದ ಪೈಪೋಟಿಗೆ ಪೆಟ್ಟು ಬಿದ್ದಿದೆ ಅಂತ 2011ರಲ್ಲಿ ತಾತ್ಕಾಲಿಕ ತೀರ್ಮಾನ. 2012ರ ಹೊತ್ತಿಗೆ ನೆಟ್‌ಫ್ಲಿಕ್ಸ್ ಬಂದಿತ್ತು, ತೊಂದರೆ ಇಲ್ಲ ಅಂತ ಅಂತಿಮ ತೀರ್ಮಾನ. ಈ ಮಾರುಕಟ್ಟೆಯಲ್ಲಿ ನಿಯಂತ್ರಕರು ಬಸ್ ಹೋದ ಮೇಲೆ ನಿಲ್ದಾಣಕ್ಕೆ ಬರುವುದೇ ಜಾಸ್ತಿ.

ಭಾರತದ ದಾರಿ ಬೇರೆ. 2004ರಿಂದಲೇ ಅಲ್ಲಿನ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮ ಇದೆ: ಕೇಳಿದ ಎಲ್ಲ ವಿತರಕರಿಗೂ ಚಾನೆಲ್ ಕೊಡಲೇಬೇಕು, ಭೇದ ಮಾಡಬಾರದು. ಈ ಕಾರಣಕ್ಕೇ ಅಲ್ಲಿ ಒಂದು ಚಾನೆಲ್ ಒಂದೇ ಡಿಟಿಎಚ್‌ನಲ್ಲಿ ಮಾತ್ರ ಅನ್ನುವ ಸ್ಥಿತಿ ಇಲ್ಲ. ಅಮೆರಿಕದ ಹಾಗೆ ಚಾನೆಲ್ ಕಂಪನಿ ಯಾರದು ಅಂತಲೂ ಕೇಳುವುದಿಲ್ಲ. ನನ್ನ ಕಣ್ಣಿಗೆ ಇದು ಒಳ್ಳೆಯ ನಿಯಮ. ಆದರೆ ಅದು ಟಿವಿ ಚಾನೆಲ್‌ಗೆ ಮಾತ್ರ, ಇಂಟರ್‌ನೆಟ್ ಮೂಲಕ ಬರುವ ಆಪ್‌ಗೆ ಅಲ್ಲ. 2023ರಿಂದ 2027ರವರೆಗಿನ ಐಪಿಎಲ್ ಹಕ್ಕಿನಲ್ಲಿ ಟಿವಿ ಪಾಲು 23,575 ಕೋಟಿ ರೂಪಾಯಿಗೆ ಡಿಸ್ನಿ ಸ್ಟಾರ್‌ಗೆ ಹೋಯಿತು, ಭಾರತದ ಡಿಜಿಟಲ್ ಪಾಲು 20,500 ಕೋಟಿಗೆ ವಯಾಕಾಮ್18ಗೆ. ಒಂದೇ ಪಂದ್ಯ ಇಬ್ಬರ ಹತ್ತಿರ! ಇದು ಚಪ್ಪಲಿ ಹಂಚಿದ ಹಾಗಲ್ಲ, ನಿಜವಾದ ಪೈಪೋಟಿ. ವಯಾಕಾಮ್18 ಮೊದಲ ಸೀಸನ್ ಅನ್ನು ಆಪ್‌ನಲ್ಲಿ ಪುಕ್ಕಟೆ ತೋರಿಸಿತು. 2024ರ ಆಗಸ್ಟ್‌ನಲ್ಲಿ ಪೈಪೋಟಿ ಆಯೋಗ ಷರತ್ತಿನೊಂದಿಗೆ ಎರಡರ ವಿಲೀನಕ್ಕೆ ಒಪ್ಪಿತು. ನವೆಂಬರ್ ಹೊತ್ತಿಗೆ ಟಿವಿ, ಡಿಜಿಟಲ್ ಎರಡೂ ಒಂದೇ ಮನೆಯೊಳಗೆ ಬಂದವು.

ಉಚಿತ ಪ್ರಸಾರಕ್ಕೆ ಮೀಸಲಿಡುವ ಕಾನೂನೂ ಹಲವು ಕಡೆ ಇದೆ. ರಾಷ್ಟ್ರಕ್ಕೆ ಮುಖ್ಯವಾದ ಪಂದ್ಯಗಳನ್ನು ದುಡ್ಡು ಕೊಡದವರೂ ನೋಡುವಂತಿರಬೇಕು ಅನ್ನುವುದು ಅದರ ಆಶಯ. ಭಾರತದ 2007ರ ಕಾಯ್ದೆ ಪ್ರಕಾರ ಅಂಥ ಪಂದ್ಯದ ಸಿಗ್ನಲನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ಆದರೆ ದೂರದರ್ಶನದ ಆ ಫೀಡ್ ಖಾಸಗಿ ಕೇಬಲ್, ಡಿಟಿಎಚ್‌ನಲ್ಲೂ ಪುಕ್ಕಟೆ ಬರತೊಡಗಿದಾಗ ಹಕ್ಕು ಕೊಂಡವರು ಕೋರ್ಟಿಗೆ ಹೋದರು. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಆ ಫೀಡ್ ದೂರದರ್ಶನದ ಆಂಟೆನಾ ಪ್ರಸಾರ ಮತ್ತು ಅದರದೇ ಉಚಿತ ಡಿಶ್‌ಗೆ ಮಾತ್ರ. ಉಚಿತ ಚಾನೆಲ್‌ನಲ್ಲಿ ಬರುವ ಪಂದ್ಯ ಖಾಸಗಿ ಪೆಟ್ಟಿಗೆಯಲ್ಲಿ ಯಾಕೆ ಮಾಯ ಅಂತ ಎಷ್ಟೋ ಜನ ಕೇಳುತ್ತಾರೆ. ಕಾರಣ ಇದು. ಕಂಪನಿಯ ಕೆಟ್ಟ ಸೇವೆ ಅಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ವಿಷಯ ವಿಚಾರಿಸಿ. ನೀವು ನೋಡುವ ಲೀಗ್‌ನ ಹಕ್ಕು ಆ ಕಂಪನಿಯ ಹತ್ತಿರ ಯಾವಾಗಿನವರೆಗೆ ಇದೆ? ಲೀಗ್‌ಗಳು ಇದನ್ನು ಬಹಿರಂಗವಾಗಿಯೇ ಹೇಳುತ್ತವೆ, ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಲೆಕ್ಕದಲ್ಲಿ. ಹಕ್ಕು ಇನ್ನೊಂದು ಸೀಸನ್‌ಗೆ ಮುಗಿಯುವುದಾದರೆ ನೀವು ಎರಡನೇ ವರ್ಷ ಖಾಲಿ ಮೈದಾನಕ್ಕೆ ಬಾಡಿಗೆ ಕಟ್ಟುತ್ತೀರಿ. ಒಪ್ಪಂದದ ಸಣ್ಣಕ್ಷರದಲ್ಲಿ 'ಚಾನೆಲ್‌ಗಳು ಬದಲಾಗಬಹುದು' ಅನ್ನುವ ಸಾಲು ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ನಾನೇ ಎಷ್ಟೋ ಸಲ ಬರೆದಿದ್ದೇನೆ. ಅದರ ಜೊತೆ 'ಬದಲಾದರೆ ದಂಡವಿಲ್ಲದೆ ಹೊರಬರಬಹುದು' ಅಂತಲೂ ಇದ್ದರೆ ಸಹಿ ಹಾಕಲು ಅಷ್ಟು ಭಯ ಬೇಡ. ಇಲ್ಲದಿದ್ದರೆ ರಿಯಾಯಿತಿ ನಿಮಗಿಂತ ಅವರಿಗೇ ಜಾಸ್ತಿ ಲಾಭ. ಫೋನಿನಲ್ಲಿ ಕೊಟ್ಟ ಭರವಸೆಯನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ.

ತಿಂಗಳು ತಿಂಗಳ ಚಂದಾ ಸಿಗುವ ಕಡೆ ಸೀಸನ್ ನೋಡಿಕೊಂಡು ಹಾಕಿಸಿ, ಮುಗಿದ ಕೂಡಲೇ ತೆಗೆಸಿ. ಸೀರೀಸ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಮಗಳು ಎಲ್ಲ ಕಂತು ಬಂದ ಮೇಲೆ ಒಂದೇ ತಿಂಗಳಲ್ಲಿ ನೋಡಿ ಮುಗಿಸಬಹುದು. ಇದರ ಅಪಾಯ ಮರೆವು, ತಾನಾಗಿಯೇ ಮುಂದುವರಿಯುವ ಪಾವತಿ. ಇಂಥ ಸೇವೆಗಳ ಲಾಭದ ಒಂದು ಪಾಲು ನಿಲ್ಲಿಸಲು ಮರೆತವರಿಂದಲೇ ಬರುತ್ತದೆ. ಹಾಕಿಸಿದ ದಿನವೇ ರದ್ದು ಮಾಡಿಬಿಡಿ. ಹೆಚ್ಚಿನ ಕಡೆ ಕಟ್ಟಿದ ಅವಧಿ ಮುಗಿಯುವವರೆಗೆ ಅದು ಓಡುತ್ತದೆ. ನಿಮ್ಮ ಸೇವೆಯಲ್ಲೂ ಹಾಗೇನಾ ಅಂತ ಒಮ್ಮೆ ನೋಡಿಕೊಳ್ಳಿ.

ಬೇರೆ ದೇಶದ ಅಗ್ಗದ ಚಂದಾ ತೆಗೆದುಕೊಳ್ಳುವ ಉಪಾಯವನ್ನೂ ಕೆಲವರು ಹೇಳಬಹುದು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಪಬ್ ನಡೆಸುವ ಮಹಿಳೆಯೊಬ್ಬರು ಗ್ರೀಸ್‌ನ ಡಿಕೋಡರ್ ಕಾರ್ಡ್ ತರಿಸಿ ಪಂದ್ಯ ತೋರಿಸಿದ್ದರು. ಪ್ರಕರಣ ಯುರೋಪಿನ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಒಂದು ಸದಸ್ಯ ದೇಶದ ಕಾರ್ಡನ್ನು ಇನ್ನೊಂದರಲ್ಲಿ ಮಾರಬಾರದು ಅನ್ನುವ ಷರತ್ತು ಪೈಪೋಟಿಗೆ ವಿರುದ್ಧ ಅಂತ 2011ರಲ್ಲಿ ತೀರ್ಪು ಬಂತು. ಆದರೆ ಪಂದ್ಯದ ನಡುವೆ ಬರುವ ಲೀಗ್‌ನ ಗೀತೆ, ಗ್ರಾಫಿಕ್ಸ್ ಕೃತಿಸ್ವಾಮ್ಯಕ್ಕೆ ಸೇರಿದವು, ಪಬ್‌ನಲ್ಲಿ ತೋರಿಸಲು ಅದಕ್ಕೆ ಬೇರೆ ಅನುಮತಿ ಬೇಕು ಅಂತಲೂ ಹೇಳಿತು. ಅರ್ಧ ಗೆಲುವು, ಅದೂ ಯುರೋಪಿನ ಒಕ್ಕೂಟದ ಒಳಗಿನ ಮಾತು. ಬೇರೆ ಕಡೆ ಅದನ್ನು ನಂಬಿ ಹೊರಟರೆ ಖಾತೆ ಬಂದ್ ಆಗಬಹುದು, ಕಟ್ಟಿದ ದುಡ್ಡು ವಾಪಸ್ ಬರಲಿಕ್ಕಿಲ್ಲ.

ಗೆಳೆಯರ ಬಾಕ್ಸ್ ಬೇಡ. ಎಲ್ಲ ಚಾನೆಲ್ ಅಷ್ಟು ಅಗ್ಗಕ್ಕೆ ಬರುತ್ತಿದ್ದರೆ ಹಕ್ಕಿನ ದುಡ್ಡನ್ನು ಯಾರೋ ಕೊಡುತ್ತಿಲ್ಲ ಅಂತಲೇ ಅರ್ಥ. ನೀತಿಯ ಮಾತು ಬದಿಗಿಡಿ. ದೊಡ್ಡ ಪಂದ್ಯದ ದಿನವೇ ಆ ಸರ್ವರ್‌ಗಳನ್ನು ಹುಡುಕಿ ಮುಚ್ಚಿಸುತ್ತಾರೆ, ಏಕೆಂದರೆ ಪಂದ್ಯ ಮುಗಿದ ಮೇಲೆ ಮುಚ್ಚಿಸಿ ಪ್ರಯೋಜನ ಇಲ್ಲ. ಅಂದರೆ ನಿಮಗೆ ಬೇಕಾದ ಹೊತ್ತಿಗೇ ಪರದೆ ಕಪ್ಪಾಗುತ್ತದೆ. ಜೊತೆಗೆ ಆ ಪೆಟ್ಟಿಗೆ ನಿಮ್ಮ ಮನೆಯ ವೈ-ಫೈ ಒಳಗೆ ಕೂರುತ್ತದೆ. ಅದರೊಳಗೆ ಯಾರು ಏನು ತುಂಬಿದ್ದಾರೆ ಅಂತ ನಿಮ್ಮ ಗೆಳೆಯರಿಗೂ ಗೊತ್ತಿರುವುದಿಲ್ಲ.

ದೂರು ಕೊಡುವುದಾದರೆ 'ಹಕ್ಕು ಒಬ್ಬರ ಹತ್ತಿರವೇ ಇದೆ' ಅಂತ ಬರೆಯಬೇಡಿ, ಅದು ಎಲ್ಲೂ ನಿಲ್ಲುವುದಿಲ್ಲ. ನಿಲ್ಲುವ ದೂರುಗಳು ಬೇರೆ. ಚಾನೆಲ್ ಹೋದ ಮೇಲೂ ಅದೇ ದರ ಹಾಕಿದರು, ಮೊದಲೇ ತಿಳಿಸಲಿಲ್ಲ, ಬೇಡದ ಪ್ಯಾಕ್ ಜೊತೆಗೆ ಕಟ್ಟಿದರು, ಬಿಟ್ಟುಹೋಗಲು ದಂಡ ಕೇಳಿದರು. ದಿನಾಂಕ, ಬಿಲ್, ಚಾನೆಲ್ ಪಟ್ಟಿಯ ಹಳೆಯ ಪ್ರತಿ ಇಟ್ಟುಕೊಳ್ಳಿ. ಸಹಿ ಹಾಕಿದ ದಿನದ ಚಾನೆಲ್ ಪಟ್ಟಿಯನ್ನು ಯಾರೂ ಇಟ್ಟುಕೊಂಡಿರುವುದಿಲ್ಲ. ಕಂಪನಿಯವರಿಗೆ ಅದು ಚೆನ್ನಾಗಿ ಗೊತ್ತು.

ಕಡೆಗೆ ನಿಮ್ಮ ತಂದೆಯವರ ವಿಷಯ. ಎರಡನೇ ಮತ್ತು ಮೂರನೇ ಸೇವೆಯ ಆಪ್ ನಿಮ್ಮ ಮುಖ್ಯ ಪೆಟ್ಟಿಗೆಯಲ್ಲೇ ಸಿಗುತ್ತದಾ ಅಂತ ನೋಡಿ. ಕಂಪನಿಗಳು ಈಗ ಹೀಗೆ ಪರಸ್ಪರ ಒಪ್ಪಂದ ಮಾಡಿಕೊಳ್ಳುವುದು ಜಾಸ್ತಿಯಾಗಿದೆ. ಚಂದಾ ಬೇರೆಯಾದರೂ ಪರದೆ ಒಂದೇ ಆಗುತ್ತದೆ. ಹಾಗೆ ಸಿಗುವುದಾದರೆ ಉಳಿದ ಎರಡು ರಿಮೋಟನ್ನು ಇವತ್ತೇ ಡ್ರಾಯರ್‌ನಲ್ಲಿ ಹಾಕಿ.